ಮಿಶ್ರ ತಳಿಯ ಪಿಳ್ಳೆಗಳು: ಬಣ್ಣ ನೋಡಿ ಹುಂಜ, ಹೇಂಟೆ ಹೇಳಬಹುದೇ?

ಮಧುಗಿರಿ ಹಿತ್ತಲು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಈಗ ಎರಡು ಕಾವಿನ ಮರಿಗಳಿವೆ. ಒಂದು ಗುಂಪು ನಿನ್ನೆ ಒಡೆದದ್ದು, ಇನ್ನೊಂದಕ್ಕೆ ಆರು ವಾರ ತುಂಬುತ್ತಾ ಬಂದಿದೆ. ನಮ್ಮಲ್ಲಿರುವುದು ಒಂದೇ ಹುಂಜ. ಕೆಂಪು ಮೈ, ಕಪ್ಪು ಎದೆ, ಹಸಿರು ಮಿಂಚುವ ಬಾಲ, ಅಪ್ಪಟ ನಾಟಿ. ಹೇಂಟೆಗಳು ಮಾತ್ರ ಒಂದೊಂದೂ ಒಂದೊಂದು ಬಗೆ. ಬೂದು ಮೈಯ ಮೇಲೆ ಬಿಳಿ ಅಡ್ಡಪಟ್ಟೆ ಇರುವುದೊಂದು, ಅಚ್ಚ ಬಿಳಿಯದೊಂದು, ಹಳದಿ ಕಾಲಿನ ಕಂದು ನಾಟಿ ಇನ್ನೊಂದು. ಹೊಸ ಗುಂಪಿಗೆ ಮೂರರ ಮೊಟ್ಟೆಗಳನ್ನೂ ಒಂದೇ ಕಾವುಕೋಳಿಯ ಕೆಳಗೆ ಇಟ್ಟಿದ್ದೆವು.

ಹೊಸ ಮರಿಗಳಲ್ಲಿ ಐದು ಕಪ್ಪಗಿವೆ. ಅವುಗಳಲ್ಲಿ ಮೂರರ ನೆತ್ತಿಯ ಮೇಲೆ ಬಿಳಿ ಮಚ್ಚೆ ಇದೆ, ಎರಡರ ತಲೆ ಪೂರ್ತಿ ಕಪ್ಪು. ನಮ್ಮ ಅತ್ತೆಯವರು ಮಚ್ಚೆ ಇರುವುದು ಹುಂಜ ಎನ್ನುತ್ತಾರೆ. ಪಕ್ಕದ ಮನೆಯವರು ಅದೇ ಹೇಂಟೆ ಎಂದು ಪಣ ಕಟ್ಟುತ್ತಾರೆ. ನಮ್ಮ ಸಂಘದ ಇಬ್ಬರು ಹೆಣ್ಣುಮಕ್ಕಳು ಮೊಟ್ಟೆಗಾಗಿ ಹೇಂಟೆ ಮರಿಗಳನ್ನು ಕೇಳಿದ್ದಾರೆ. ಹುಂಜಗಳಿಗೆ ಹೊಸತೊಡಕಿನ ಗಿರಾಕಿಗಳು ಈಗಲೇ ಹೇಳಿಟ್ಟಿದ್ದಾರೆ. ಹೇಂಟೆ ಎಂದು ಹೇಳಿ ಹುಂಜ ಕೊಟ್ಟೆವು ಎಂಬ ಮಾತು ಬರಬಾರದು. ತಿಳಿದವರು ದಯವಿಟ್ಟು ಹೇಳಿ.

ಪಾವಗಡ ಬಯಲು

ಅಕ್ಕ, ನಮ್ಮ ಕಡೆ ಮೊಟ್ಟೆ ಇಡಿಸುವಾಗಲೇ ಆರಿಸುತ್ತಾರೆ. ತುದಿ ಚೂಪಾಗಿದ್ದರೆ ಹುಂಜ, ದುಂಡಗಿದ್ದರೆ ಹೇಂಟೆ. ಮರಿಯಾದ ಮೇಲೆ ಕಾಲು ಹಿಡಿದು ತಲೆಕೆಳಗೆ ಮಾಡಿದರೆ ಸುಮ್ಮನೆ ಜೋತು ಬೀಳುವುದು ಹುಂಜ, ತಲೆ ಮೇಲೆತ್ತಿ ಒದ್ದಾಡುವುದು ಹೇಂಟೆ. ನಮ್ಮ ಅಜ್ಜಿ ಹೀಗೆಯೇ ನೋಡುತ್ತಿದ್ದರು.

ಮುಳಬಾಗಿಲು ಕೋಳಿಮನೆ

ಪಾವಗಡದವರೇ, ಈ ಮಾತನ್ನು ಕೋಲಾರದ ಕಡೆಯೂ ಪ್ರತಿ ಮನೆಯಲ್ಲೂ ಹೇಳುತ್ತಾರೆ. ಆದರೆ ಮೊಟ್ಟೆಯ ಆಕಾರಕ್ಕೂ ಮರಿಯ ಲಿಂಗಕ್ಕೂ ಸಂಬಂಧವಿಲ್ಲ. ಲಿಂಗ ತೀರ್ಮಾನವಾಗುವುದು ಅಂಡಾಶಯದಲ್ಲಿ, ಹಳದಿಯ ಉಂಡೆ ಅಲ್ಲಿಂದ ಕಳಚಿಕೊಳ್ಳುವುದಕ್ಕೂ ಮೊದಲು. ಬಿಳಿಭಾಗ ಸುತ್ತಿಕೊಳ್ಳುವುದು, ಚಿಪ್ಪು ಕಟ್ಟುವುದು ಅದಾದ ಮೇಲೆ ಸುಮಾರು ಒಂದು ದಿನದ ಕೆಲಸ. ಮನೆಯಲ್ಲೇ ಗಮನಿಸಿ ನೋಡಿ: ಒಂದು ಹೇಂಟೆ ಹೆಚ್ಚುಕಡಿಮೆ ಒಂದೇ ಆಕಾರದ ಮೊಟ್ಟೆಗಳನ್ನು ಇಡುತ್ತಾ ಹೋಗುತ್ತದೆ, ಆದರೂ ಅದರ ಮರಿಗಳಲ್ಲಿ ಹುಂಜವೂ ಹೇಂಟೆಯೂ ಇರುತ್ತವೆ. ಕಾವಿನ ಶಾಖ ಹೆಚ್ಚಾದರೆ ಹುಂಜ ಹೆಚ್ಚು ಎನ್ನುವುದೂ ಸರಿಯಲ್ಲ. ಶಾಖದಿಂದ ಮರಿಯ ಲಿಂಗ ತೀರ್ಮಾನವಾಗುವುದು ಮೊಸಳೆ, ಆಮೆಗಳ ವಿಷಯ. ಕೋಳಿಗೆ ಅದು ಅನ್ವಯಿಸುವುದಿಲ್ಲ. ತಲೆಕೆಳಗೆ ಹಿಡಿಯುವುದನ್ನಂತೂ ದಯವಿಟ್ಟು ಬಿಡಿ. ಅದರಿಂದ ಏನೂ ತಿಳಿಯುವುದಿಲ್ಲ, ಎಳೆ ಕಾಲಿನ ಕೀಲು ಉಳುಕುತ್ತದೆ.

ಮಧುಗಿರಿ ಅಕ್ಕ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಮ್ಮಲ್ಲಿ ಎಲ್ಲರೂ ಮರಿಯ ಬಣ್ಣ ಹೇಳಿ ‘ಇದು ಯಾವುದು’ ಎಂದು ಕೇಳುತ್ತಾರೆ. ಕೇಳಬೇಕಾದದ್ದು ಇದರ ತಾಯಿ ಯಾವುದು, ತಂದೆ ಯಾವುದು ಎಂದು. ನೀವು ಎರಡನ್ನೂ ಬರೆದಿದ್ದೀರಿ, ಆದ್ದರಿಂದ ಉತ್ತರ ಹೇಳಬಹುದು.

ಮನುಷ್ಯರಲ್ಲಿ ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ಕಡೆಯಿಂದ ನಿರ್ಧಾರವಾಗುತ್ತದೆ. ಕೋಳಿಯಲ್ಲಿ ತಾಯಿಯ ಕಡೆಯಿಂದ. ತಾಯಿ ತಂದೆಯ ಗುಣಗಳನ್ನು ಮರಿಗೆ ಸಾಗಿಸುವ ಎಳೆಗಳೇ ವರ್ಣತಂತುಗಳು. ಹುಂಜಕ್ಕೆ ಎರಡು ಝೆಡ್ ವರ್ಣತಂತುಗಳಿರುತ್ತವೆ, ಹೇಂಟೆಗೆ ಒಂದು ಝೆಡ್, ಒಂದು ಡಬ್ಲ್ಯು. ಗಂಡುಮರಿ ತಾಯಿ ತಂದೆ ಇಬ್ಬರಿಂದಲೂ ಒಂದೊಂದು ಝೆಡ್ ಪಡೆಯುತ್ತದೆ. ಹೆಣ್ಣುಮರಿಗೆ ತಾಯಿಯಿಂದ ಬರುವುದು ಡಬ್ಲ್ಯು ಮಾತ್ರ, ಅದರ ಒಂದೇ ಝೆಡ್ ತಂದೆಯದು. ಹಾಗಾಗಿ ತಾಯಿಯ ಝೆಡ್ ಮೇಲೆ ಕೂತಿರುವ ಗುಣ ಗಂಡುಮಕ್ಕಳಿಗೆ ಹೋಗುತ್ತದೆ, ಹೆಣ್ಣುಮಕ್ಕಳಿಗೆ ಹೋಗುವುದೇ ಇಲ್ಲ.

ಗರಿಯ ಮೇಲಿನ ಅಡ್ಡಪಟ್ಟೆ ಅಂಥ ಗುಣ. ಅಮೆರಿಕದ ಬಾರ್ಡ್ ಪ್ಲಿಮತ್ ರಾಕ್ ತಳಿಯಲ್ಲಿ ಇದು ಎದ್ದು ಕಾಣುತ್ತದೆ. ನಮ್ಮ ಹಳ್ಳಿಗಳಲ್ಲಿ ಓಡಾಡುವ ಬೂದುಪಟ್ಟೆಯ ಮಿಶ್ರ ಕೋಳಿಗಳಿಗೂ ಎಲ್ಲೋ ಹಿಂದೆ ಅಂಥದ್ದೇ ಮೂಲದಿಂದ ಅದು ಬಂದಿರುತ್ತದೆ. ಕಪ್ಪು ನವಿರಿನ ಮರಿಯಲ್ಲಿ ಈ ಗುಣವನ್ನು ಹೊತ್ತ ವಂಶವಾಹಿ ನೆತ್ತಿಯ ಮೇಲೆ ಬಿಳಿ ಅಥವಾ ತಿಳಿಹಳದಿ ಮಚ್ಚೆಯಾಗಿ ಕಾಣಿಸುತ್ತದೆ. ನಿಮ್ಮ ಹುಂಜಕ್ಕೆ ಪಟ್ಟೆ ಇಲ್ಲ, ಹೇಂಟೆಗೆ ಇದೆ. ಹಾಗಿದ್ದರೆ ಆ ಹೇಂಟೆಯ ಮರಿಗಳಲ್ಲಿ ಮಚ್ಚೆ ಇರುವವು ಹುಂಜ, ಮಚ್ಚೆ ಇಲ್ಲದವು ಹೇಂಟೆ. ನಿಮ್ಮ ಅತ್ತೆಯವರು ಹೇಳಿದ್ದೇ ಸರಿ. ಪರದೇಶಗಳ ಹ್ಯಾಚರಿಗಳಲ್ಲಿ ರೋಡ್ ಐಲೆಂಡ್ ರೆಡ್ ಹುಂಜಕ್ಕೆ ಬಾರ್ಡ್ ರಾಕ್ ಹೇಂಟೆ ಕೂಡಿಸಿ ಮರಿಗಳನ್ನು ಮೊದಲ ದಿನವೇ ಬೇರೆ ಮಾಡುವುದು ಇದೇ ಲೆಕ್ಕದಲ್ಲಿ.

ಗೌರಿಬಿದನೂರು ಹೊಸಬ

ಸರ್, ನನ್ನ ಬಳಿ ಇರುವುದು ಉಲ್ಟಾ. ಹುಂಜ ಪಟ್ಟೆಯದು, ಹೇಂಟೆಗಳು ಕೆಂಪು ನಾಟಿ. ಎಲ್ಲಾ ಮರಿಗಳಿಗೂ ಮಚ್ಚೆ ಬಂದಿದೆ. ಎಲ್ಲವೂ ಹುಂಜವೇ?

ಮುಳಬಾಗಿಲು ಕೋಳಿಮನೆ

ಅಲ್ಲ. ತಂದೆಯ ಎರಡು ಝೆಡ್‌ಗಳ ಮೇಲೂ ಪಟ್ಟೆಯ ವಂಶವಾಹಿ ಇದ್ದರೆ ಗಂಡುಮರಿಗೂ ಅದು ಹೋಗುತ್ತದೆ, ಹೆಣ್ಣುಮರಿಗೂ ಹೋಗುತ್ತದೆ. ಮಚ್ಚೆಯಿಂದ ನಿಮಗೆ ಏನೂ ತಿಳಿಯುವುದಿಲ್ಲ, ಜುಟ್ಟು ಬರುವವರೆಗೆ ಕಾಯಬೇಕು. ತಾಯಿ ತಂದೆ ಎರಡೂ ಪಟ್ಟೆಯವಾದರೆ ಸ್ವಲ್ಪ ಸುಳಿವು ಸಿಗುತ್ತದೆ. ಆಗ ಹುಂಜ ಮರಿಗೆ ಎರಡು ಪಾಲು ಪಟ್ಟೆ, ಹೇಂಟೆಗೆ ಒಂದೇ ಪಾಲು. ಹುಂಜ ಮರಿಯ ಮಚ್ಚೆ ದೊಡ್ಡದಾಗಿ, ಅಂಚು ಕದಡಿದಂತೆ ಹರಡಿರುತ್ತದೆ. ಹೇಂಟೆಯ ಮಚ್ಚೆ ಚಿಕ್ಕದು, ಅಚ್ಚುಕಟ್ಟು. ಬೆಳೆದಾಗಲೂ ಹುಂಜದ ಮೈ ಒಂದು ಮಟ್ಟ ತೆಳುವಾಗಿ ಕಾಣುತ್ತದೆ. ಕೇಂಬ್ರಿಜ್‌ನಲ್ಲಿ ತಳಿವಿಜ್ಞಾನಿ ಪನ್ನೆಟ್ ಅವರು 1929ರ ಹೊತ್ತಿಗೆ ಈ ಎರಡು ಪಾಲು, ಒಂದು ಪಾಲಿನ ವ್ಯತ್ಯಾಸವನ್ನೇ ಹಿಡಿದು, ತನ್ನೊಳಗೇ ಕೂಡಿದರೂ ಮೊದಲ ದಿನವೇ ಲಿಂಗ ತಿಳಿಯುವ ಕ್ಯಾಂಬರ್ ಎಂಬ ತಳಿಯನ್ನು ಮಾಡಿದರು.

ತಿಪಟೂರು ತೋಟ

ನನ್ನದೊಂದು ಅನುಮಾನ. ಮಧುಗಿರಿಯವರ ಮಚ್ಚೆ ಹುಂಜಗಳಲ್ಲಿ ಒಂದನ್ನು ಮುಂದಿನ ವರ್ಷಕ್ಕೆ ತಳಿಹುಂಜವಾಗಿ ಉಳಿಸಿಕೊಂಡರೆ ಈ ಅನುಕೂಲ ಮುಂದುವರಿಯುವುದೇ?

ಮುಳಬಾಗಿಲು ಕೋಳಿಮನೆ

ಮುಂದುವರಿಯುವುದಿಲ್ಲ. ಇದು ಒಂದೇ ತಲೆಮಾರಿನ ಉಪಾಯ. ಆ ಹುಂಜದ ಒಂದು ಝೆಡ್‌ನಲ್ಲಿ ಪಟ್ಟೆ ಇದೆ, ಇನ್ನೊಂದರಲ್ಲಿ ಇಲ್ಲ. ಅದನ್ನು ನಾಟಿ ಹೇಂಟೆಗಳಿಗೆ ಬಿಟ್ಟರೆ ಗಂಡುಮರಿಗಳಲ್ಲಿ ಅರ್ಧಕ್ಕೆ ಮಚ್ಚೆ, ಹೆಣ್ಣುಮರಿಗಳಲ್ಲೂ ಅರ್ಧಕ್ಕೆ ಮಚ್ಚೆ. ಪ್ರತಿ ಸಲವೂ ಪಟ್ಟೆ ಹೇಂಟೆ, ಪಟ್ಟೆ ಇಲ್ಲದ ಹುಂಜ ಎಂದೇ ಜೋಡಿ ಮಾಡಬೇಕು. ಹಳ್ಳಿಗಳಲ್ಲಿ ಈ ಗುರುತು ಕೆಲವೊಮ್ಮೆ ನಡೆಯುವುದು, ಕೆಲವೊಮ್ಮೆ ನಡೆಯದಿರುವುದು ಇದೇ ಕಾರಣಕ್ಕೆ. ಒಂದು ಮನೆಯಲ್ಲಿ ‘ಮಚ್ಚೆ ಎಂದರೆ ಹುಂಜ’ ಎಂದು ಕಂಡುಕೊಂಡಿರುತ್ತಾರೆ, ಇನ್ನೊಂದು ಮನೆಯಲ್ಲಿ ಅದು ಸುಳ್ಳೆಂದು ಕಂಡುಕೊಂಡಿರುತ್ತಾರೆ. ಇಬ್ಬರೂ ಕಂಡದ್ದನ್ನೇ ಹೇಳುತ್ತಿರುತ್ತಾರೆ.

ಶಿಡ್ಲಘಟ್ಟ ರೇಷ್ಮೆ

ಇದನ್ನು ಓದಿ ಬಹಳ ಸಂತೋಷವಾಯಿತು. ನಾವು ಸಾಕುವ ರೇಷ್ಮೆ ಹುಳುವೂ ಕೋಳಿಯ ಹಾಗೆಯೇ. ಅದರಲ್ಲೂ ಹೆಣ್ಣಿಗೆ ಝೆಡ್ ಮತ್ತು ಡಬ್ಲ್ಯು, ಗಂಡಿಗೆ ಎರಡು ಝೆಡ್. ಮಿಶ್ರ ತಳಿಯ ಮೊಟ್ಟೆ ತಯಾರಿಸುವವರು ಒಂದು ತಳಿಯ ಹೆಣ್ಣನ್ನು, ಇನ್ನೊಂದರ ಗಂಡನ್ನು ಬೇರೆ ಮಾಡಲೇಬೇಕು. ಅದಕ್ಕಾಗಿ ಮೈಮೇಲಿನ ಗುರುತಿನ ವಂಶವಾಹಿಯನ್ನು ಡಬ್ಲ್ಯು ವರ್ಣತಂತುವಿಗೇ ಅಂಟಿಸಿದ ತಳಿಗಳನ್ನು ವಿಜ್ಞಾನಿಗಳು ಮಾಡಿದ್ದಾರೆ. ಅವುಗಳಲ್ಲಿ ಗುರುತು ಇರುವ ಹುಳು ಹೆಣ್ಣು, ಗುರುತಿಲ್ಲದ್ದು ಗಂಡು. ಅದು ಡಬ್ಲ್ಯು ಮೇಲೆಯೇ ಇರುವುದರಿಂದ ತಲೆಮಾರು ಕಳೆದರೂ ತಾಯಿಯಿಂದ ಮಗಳಿಗೆ ಹೋಗುತ್ತಲೇ ಇರುತ್ತದೆ. ಕೋಳಿಯಲ್ಲೂ ಅಂಥದ್ದು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು.

ಮಧುಗಿರಿ ಹಿತ್ತಲು

ಎಲ್ಲರಿಗೂ ತುಂಬಾ ಧನ್ಯವಾದ. ಅತ್ತೆಯವರಿಗೆ ಓದಿ ಹೇಳಿದೆ. ಹಾಗಾದರೆ ಬಿಳಿ ಹೇಂಟೆಯ ಮರಿಗಳ ಕಥೆ ಏನು? ಅವು ಹೆಚ್ಚಿನವು ತಿಳಿಹಳದಿ, ಅಲ್ಲೊಂದು ಇಲ್ಲೊಂದು ಮಸಿ ಚುಕ್ಕಿ. ಮೂರು ವರ್ಷದ ಹಿಂದೆ ಆ ಹೇಂಟೆಯನ್ನು ಮರಿಯಾಗಿದ್ದಾಗ ಮೊಪೆಡ್‌ನಲ್ಲಿ ಮಾರಿಕೊಂಡು ಬಂದವರಿಂದ ತೆಗೆದುಕೊಂಡದ್ದು.

ಮುಳಬಾಗಿಲು ಕೋಳಿಮನೆ

ಬಿಳಿ ಬಣ್ಣ ಕೋಳಿಯಲ್ಲಿ ಒಂದು ಹೊದಿಕೆ. ಬಿಳಿ ಲೆಗಾರ್ನ್ ಎಂಬ ಮೊಟ್ಟೆಯ ತಳಿ ಮತ್ತು ಬ್ರಾಯ್ಲರ್ ರಕ್ತದ ಕೋಳಿಗಳಲ್ಲಿ ಕಪ್ಪನ್ನು ಅಳಿಸಿಹಾಕುವ ಪ್ರಬಲ ಬಿಳುಪಿನ ವಂಶವಾಹಿ ಇರುತ್ತದೆ. ಅದು ಝೆಡ್ ಮೇಲಿಲ್ಲ, ಗಂಡಿಗೂ ಹೆಣ್ಣಿಗೂ ಸಮವಾಗಿ ಹೋಗುತ್ತದೆ. ತಾಯಿಯಿಂದ ಒಂದೇ ಪಾಲು ಬಂದಾಗ ಕಪ್ಪು ಪೂರ್ತಿ ಅಳಿಯದೆ ಅಲ್ಲಲ್ಲಿ ಚುಕ್ಕಿ ಉಳಿಯುತ್ತದೆ. ನಿಮ್ಮ ಮರಿಗಳ ಮಸಿ ಚುಕ್ಕಿ ಅದೇ. ಅದರಿಂದ ಲಿಂಗ ತಿಳಿಯುವುದಿಲ್ಲ.

ಆದರೆ ಹೊದಿಕೆಯ ಕೆಳಗೆ ಏನಿದೆ ಎಂಬುದು ಬೇರೆ ವಿಷಯ. ಬಿಳಿ ಲೆಗಾರ್ನ್ ಕೋಳಿಗಳು ಪಟ್ಟೆಯ ವಂಶವಾಹಿಯನ್ನು ಒಳಗೊಳಗೇ ಹೊತ್ತಿರುವುದು ಸಾಮಾನ್ಯ. ಆ ಹೇಂಟೆಯ ಮರಿಗಳಲ್ಲಿ ಯಾವುದಾದರೂ ಬಿಳುಪು ಪಡೆಯದೆ ಕಪ್ಪಾಗಿ ಹುಟ್ಟಿ ನೆತ್ತಿಯಲ್ಲಿ ಮಚ್ಚೆ ತೋರಿಸಿದರೆ ಆಶ್ಚರ್ಯಪಡಬೇಡಿ. ಪಟ್ಟೆ ಇಲ್ಲದ ಹುಂಜಕ್ಕೆ ಹುಟ್ಟಿದ್ದಾದರೆ ಅದೂ ಗಂಡೇ.

ಚಿಂತಾಮಣಿ ಸಂತೆ

ಸಂತೆಗಳಲ್ಲಿ ಕಂದು ಲೇಯರ್ ಹೇಂಟೆಗಳು ಬರುತ್ತವೆ, ಮೊಟ್ಟೆ ಕಡಿಮೆಯಾದ ಮೇಲೆ ಫಾರಂನವರು ಮಾರುವಂಥವು. ‘ಈ ಜಾತಿಯ ಮರಿಗಳನ್ನು ಬಣ್ಣದಲ್ಲೇ ಹೇಳಬಹುದು, ಕೆಂಪು ಹೇಂಟೆ, ಬಿಳಿ ಹುಂಜ’ ಎಂದು ಒಬ್ಬ ವ್ಯಾಪಾರಿ ಹೇಳಿದರು. ನಾವು ನಾಲ್ಕು ತಂದು ನಾಟಿ ಹುಂಜಕ್ಕೆ ಬಿಟ್ಟೆವು. ಮರಿಗಳೆಲ್ಲಾ ಕೆಂಪೇ. ಎಲ್ಲವೂ ಹೇಂಟೆಯಾಗುತ್ತವೆಯೇ?

ಮುಳಬಾಗಿಲು ಕೋಳಿಮನೆ

ಅಣ್ಣ, ಅರ್ಧ ಸತ್ಯ ಹೇಳಿ ಮಾರಿದ್ದಾರೆ. ಇಂಥ ಮಾತಿಗೆ ಹಳ್ಳಿಯ ಹೆಣ್ಣುಮಕ್ಕಳು ಎಷ್ಟು ದುಡ್ಡು ಕಳೆದುಕೊಳ್ಳುತ್ತಾರೆ ಎಂಬುದನ್ನು ನೋಡಿದಾಗ ಸಿಟ್ಟು ಬರುತ್ತದೆ.

ಆ ಮಾತು ನಿಜವಾಗುವುದು ಕಂದು ಲೇಯರ್‌ನ ತಾಯಿ ತಂದೆಗಳ ಮಟ್ಟದಲ್ಲಿ. ಝೆಡ್ ಮೇಲೆ ಬಣ್ಣದ ಇನ್ನೊಂದು ಜೋಡಿ ಗುಣ ಇದೆ: ಬೆಳ್ಳಿ, ಚಿನ್ನ. ಬೆಳ್ಳಿ ಪ್ರಬಲ, ಒಂದೇ ಪಾಲು ಇದ್ದರೂ ಅದು ಕೆಂಪನ್ನು ಬಿಳಿಯಾಗಿಸುತ್ತದೆ. ಚಿನ್ನದ ತಂದೆಗೆ ಬೆಳ್ಳಿಯ ತಾಯಿಯನ್ನು ಕೂಡಿಸಿದರೆ ಗಂಡುಮರಿ ತಾಯಿಯಿಂದ ಬೆಳ್ಳಿ ಪಡೆದು ತಿಳಿಹಳದಿಯಾಗಿ ಹುಟ್ಟುತ್ತದೆ, ಹೆಣ್ಣುಮರಿ ತಂದೆಯ ಚಿನ್ನವನ್ನಷ್ಟೇ ಪಡೆದು ಕೆಂಪಾಗುತ್ತದೆ. ಹ್ಯಾಚರಿಯವರು ಕೆಂಪನ್ನು ಇಟ್ಟುಕೊಂಡು ಹಳದಿಯನ್ನು ತೆಗೆಯುತ್ತಾರೆ. ನೀವು ತಂದ ಹೇಂಟೆ ಆ ಕೆಂಪು ಮರಿ. ಅದರಲ್ಲಿ ಬೆಳ್ಳಿ ಇಲ್ಲವೇ ಇಲ್ಲ. ಚಿನ್ನದ ಹೇಂಟೆಗೆ ಚಿನ್ನದ ನಾಟಿ ಹುಂಜ ಬಿಟ್ಟರೆ ಗಂಡೂ ಕೆಂಪು, ಹೆಣ್ಣೂ ಕೆಂಪು. ಈ ಗುಣವನ್ನು ಮನೆಯಲ್ಲಿ ಬಳಸಬೇಕಾದರೆ ಲೈಟ್ ಸಸೆಕ್ಸ್ ರೀತಿಯ, ಮೈ ಬಿಳಿ, ಕುತ್ತಿಗೆ ಬಾಲ ಕಪ್ಪು ಇರುವ ಬೆಳ್ಳಿ ಹೇಂಟೆ ಬೇಕು.

ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರ, ಹೆಸರಘಟ್ಟದ ಕಾವೇರಿ, ಹೈದರಾಬಾದಿನ ವನರಾಜ, ಇವು ನಮ್ಮ ಮೂರೂ ಜಿಲ್ಲೆಗಳ ಹಿತ್ತಲುಗಳಲ್ಲಿವೆ. ಅವೇ ಹಲವು ತಳಿಗಳ ಮಿಶ್ರಣ. ಅವುಗಳನ್ನು ನಾಟಿಯೊಂದಿಗೆ ಮತ್ತೆ ಬೆರೆಸಿದ ಮರಿಗಳ ಬಣ್ಣ ನೋಡಿ ಯಾರಾದರೂ ಖಚಿತವಾಗಿ ಲಿಂಗ ಹೇಳಿದರೆ ನಂಬಬೇಡಿ.

ಪಾವಗಡ ಬಯಲು

ಜಾತ್ರೆಯಲ್ಲಿ ಗುಲಾಬಿ, ಹಸಿರು ಬಣ್ಣ ಹಚ್ಚಿ ಮಾರುವ ಮರಿಗಳೂ ಹಾಗಾದರೆ?

ಚಿಂತಾಮಣಿ ಸಂತೆ

ಅವು ಹೆಚ್ಚಾಗಿ ಲೇಯರ್ ಹ್ಯಾಚರಿಗಳು ಬೇಡವೆಂದು ತೆಗೆದ ಗಂಡುಮರಿಗಳು. ಮಕ್ಕಳು ಕೇಳಿದರೆಂದು ಕೊಂಡು ಮೊಟ್ಟೆಗೆ ಕಾಯುವವರು ಬಹಳ ಇದ್ದಾರೆ. ಬಣ್ಣದ ನೀರಿನಲ್ಲಿ ಅದ್ದಿದ ಮರಿ ಶೀತ ಹಿಡಿದು ಮೂರನೆಯ ದಿನಕ್ಕೆ ಸಾಯುವುದೇ ಜಾಸ್ತಿ. ಕೊಳ್ಳದಿರುವುದು ಒಳ್ಳೆಯದು.

ಕುಣಿಗಲ್ ಕಡಕನಾಥ

ಮಧ್ಯಪ್ರದೇಶದ ಝಾಬುವಾ ಕಡೆಯ, ಮಾಂಸವೂ ಕಪ್ಪಾದ ಕಡಕನಾಥ ಕೋಳಿಯ ಮಿಶ್ರಣದ ಬಗ್ಗೆ ಯಾರೂ ಹೇಳಲಿಲ್ಲ. ಈಗ ಎಲ್ಲ ಕಡೆ ಒಂದು ಕಡಕನಾಥ ಹುಂಜ ತಂದು ನಾಟಿ ಹೇಂಟೆಗಳ ನಡುವೆ ಬಿಡುವುದು ನಡೆಯುತ್ತಿದೆ. ಮರಿಗಳಲ್ಲಿ ಕೆಲವು ಚರ್ಮ, ಕಾಲು, ಕೊಕ್ಕು ಎಲ್ಲಾ ಕಪ್ಪು. ಕೆಲವು ಕಾಲು ಮಾತ್ರ ತೆಳು. ಕಪ್ಪಾದದ್ದು ತಂದೆಯ ಹಾಗಿದೆ, ಆದ್ದರಿಂದ ಹುಂಜ ಎಂದು ಜನ ತಿಳಿಯುತ್ತಾರೆ. ನನ್ನ ಅನುಭವದಲ್ಲಿ ಕಪ್ಪು ಕಾಲಿನವು ಹೇಂಟೆಗಳೇ ಹೆಚ್ಚು. ಇದಕ್ಕೆ ಕಾರಣ ಏನಿರಬಹುದು?

ಮುಳಬಾಗಿಲು ಕೋಳಿಮನೆ

ನೀವು ಬಹಳ ಒಳ್ಳೆಯದನ್ನು ಗಮನಿಸಿದ್ದೀರಿ. ಕಡಕನಾಥದ ಕಪ್ಪು ಎರಡು ವಂಶವಾಹಿಗಳ ಆಟ. ಮಾಂಸ, ಚರ್ಮ, ಎಲುಬಿನ ಪೊರೆಗಳಲ್ಲಿ ಕಪ್ಪು ತುಂಬುವ ವಂಶವಾಹಿ ಝೆಡ್ ಮೇಲಿಲ್ಲ. ಆದರೆ ಚರ್ಮದಲ್ಲಿ ಕಪ್ಪು ಕೂರದಂತೆ ತಡೆಯುವ ಇನ್ನೊಂದು ವಂಶವಾಹಿ ಝೆಡ್ ಮೇಲಿದೆ. ಹಳದಿ ಅಥವಾ ಬಿಳಿ ಕಾಲಿನ ಹೇಂಟೆಯಲ್ಲಿ ಸಾಮಾನ್ಯವಾಗಿ ಈ ತಡೆ ಇರುತ್ತದೆ, ಕಡಕನಾಥದಲ್ಲಿ ಇಲ್ಲ. ಹಳದಿ ಕಾಲಿನ ಹೇಂಟೆ ತನ್ನ ತಡೆಯನ್ನು ಗಂಡುಮರಿಗೆ ಮಾತ್ರ ಕೊಡುತ್ತದೆ. ಆದ್ದರಿಂದ ಗಂಡುಮರಿ ತೆಳು, ಹೆಣ್ಣುಮರಿ ಕಪ್ಪು.

ತಳಿವಿಜ್ಞಾನಿಗಳಾದ ಬೇಟ್ಸನ್ ಮತ್ತು ಪನ್ನೆಟ್ ಅವರು ಸಿಲ್ಕಿ ಎಂಬ ಕಪ್ಪು ಚರ್ಮದ ಕೋಳಿಯನ್ನು ಕಂದು ಲೆಗಾರ್ನ್ ಜೊತೆ ಕೂಡಿಸಿ 1911ರಲ್ಲಿ ಇದನ್ನೇ ವಿವರಿಸಿದರು. ಝಾಬುವಾದ ಕೋಳಿಗೂ ಅದೇ ನಿಯಮ. ಆದರೆ ಹೇಂಟೆಯ ಕಾಲು ಮೊದಲೇ ಕಪ್ಪು ಅಥವಾ ಸ್ಲೇಟು ಬಣ್ಣದ್ದಾದರೆ ಈ ಗುರುತು ನಡೆಯುವುದಿಲ್ಲ, ಎಲ್ಲ ಮರಿಗಳೂ ಕಪ್ಪಾಗುತ್ತವೆ. ಹುಂಜ ಹಳದಿ ಕಾಲಿನದು, ಹೇಂಟೆ ಕಡಕನಾಥ ಆದರೂ ನಡೆಯುವುದಿಲ್ಲ. ಮೊದಲ ದಿನಕ್ಕಿಂತ ಕೆಲವು ವಾರ ಕಳೆದ ಮೇಲೆ ಕಾಲಿನ ಬಣ್ಣ ಹೆಚ್ಚು ಸ್ಪಷ್ಟ.

ತಿಪಟೂರು ತೋಟ

ರೆಕ್ಕೆ ಬಿಡಿಸಿ ನೋಡುವುದನ್ನೂ ಕೇಳಿದ್ದೇನೆ. ಉದ್ದ ಗರಿ, ಗಿಡ್ಡ ಗರಿ ಎಂದು.

ಮುಳಬಾಗಿಲು ಕೋಳಿಮನೆ

ಅದು ಹ್ಯಾಚರಿಗಳ ದೊಡ್ಡ ಆಯುಧ, ಅದೂ ಝೆಡ್ ಮೇಲಿನ ಗುಣವೇ. ಗರಿ ನಿಧಾನವಾಗಿ ಬರುವ ಗುಣ ಪ್ರಬಲ. ಬೇಗ ಗರಿ ಬರುವ ತಂದೆ, ನಿಧಾನದ ತಾಯಿ ಎಂದು ಜೋಡಿ ಮಾಡಿದರೆ ಮಗಳಿಗೆ ಬೇಗ, ಮಗನಿಗೆ ನಿಧಾನ. ಒಡೆದ ಮೊದಲ ದಿನ ರೆಕ್ಕೆಯನ್ನು ಬೀಸಣಿಗೆಯಂತೆ ಮೆಲ್ಲಗೆ ಬಿಡಿಸಿದರೆ ಎರಡು ಸಾಲು ಮೊಳಕೆಗರಿಗಳು ಕಾಣುತ್ತವೆ. ಕೆಳಗಿನ ಸಾಲು ಮೇಲಿನದಕ್ಕಿಂತ ಸ್ಪಷ್ಟವಾಗಿ ಉದ್ದವಾಗಿದ್ದರೆ ಹೇಂಟೆ. ಎರಡೂ ಸಮ ಇದ್ದರೆ, ಇಲ್ಲವೇ ಕೆಳಗಿನದೇ ಗಿಡ್ಡವಾಗಿದ್ದರೆ ಹುಂಜ. ಎರಡು ಮೂರು ದಿನ ಕಳೆದರೆ ವ್ಯತ್ಯಾಸ ಮುಚ್ಚಿಹೋಗುತ್ತದೆ. ಜಾಲತಾಣಗಳ ವಿಡಿಯೊಗಳಲ್ಲಿ ಇದನ್ನು ಎಲ್ಲ ಕೋಳಿಗೂ ಹೊಂದುವಂತೆ ತೋರಿಸುತ್ತಾರೆ. ನಾಟಿ ಕೋಳಿಗಳು ಸಾಮಾನ್ಯವಾಗಿ ಗಂಡೂ ಹೆಣ್ಣೂ ಬೇಗ ಗರಿ ಬಿಡುವಂಥವು. ಅಲ್ಲಿ ಎಲ್ಲ ಮರಿಗಳೂ ಹೇಂಟೆಯ ಹಾಗೆ ಕಾಣುತ್ತವೆ.

ಗೌರಿಬಿದನೂರು ಹೊಸಬ

ಗುದದ್ವಾರ ಒತ್ತಿ ನೋಡುವ ವಿಧಾನ ಎಲ್ಲ ತಳಿಗೂ ನಡೆಯುತ್ತದೆ ಎಂದು ಓದಿದೆ. ಮನೆಯಲ್ಲಿ ಕಲಿಯಬಹುದೇ?

ಮುಳಬಾಗಿಲು ಕೋಳಿಮನೆ

ಎಲ್ಲ ತಳಿಗೂ ನಡೆಯುತ್ತದೆ ಎಂಬುದು ನಿಜ. ಜಪಾನಿನ ಮಸುಯಿ, ಹಾಷಿಮೊಟೊ ಮೊದಲಾದವರು 1920ರ ದಶಕದಲ್ಲಿ ಅದನ್ನು ರೂಪಿಸಿದರು. ಗಂಡುಮರಿಯಲ್ಲಿ ಒಳಗೆ ಸಾಸಿವೆಗಿಂತ ಚಿಕ್ಕದೊಂದು ಉಬ್ಬು ಇರುತ್ತದೆ. ತೊಂದರೆ ಏನೆಂದರೆ ಅನೇಕ ಹೆಣ್ಣುಮರಿಗಳಲ್ಲೂ ಅಂಥದ್ದೇ ಸಣ್ಣ ಉಬ್ಬಿರುತ್ತದೆ. ಎರಡನ್ನೂ ಬೇರೆ ಮಾಡಿ ನೋಡಲು ಸಾವಿರಾರು ಮರಿಗಳ ಮೇಲೆ ಗುರುವಿನ ಎದುರು ಅಭ್ಯಾಸ ಬೇಕು. ಹತ್ತು ಮರಿಗಳಿರುವ ಮನೆಯಲ್ಲಿ ಯಾರೂ ಒತ್ತಲು ಹೋಗಬೇಡಿ. ಎಳೆ ಕರುಳಿಗೆ ಪೆಟ್ಟಾದರೆ ಮರಿ ಉಳಿಯುವುದಿಲ್ಲ.

ಮಧುಗಿರಿ ಹಿತ್ತಲು

ಈಗ ಆರು ವಾರದ ಗುಂಪಿನ ಬಗ್ಗೆ. ಅವು ಹಳದಿ ಕಾಲಿನ ಕಂದು ನಾಟಿಯ ಮರಿಗಳು. ಹುಟ್ಟಿದಾಗ ಎಲ್ಲಕ್ಕೂ ಅಳಿಲಿನ ಹಾಗೆ ಬೆನ್ನ ಮೇಲೆ ಗೆರೆಗಳಿದ್ದವು. ಈಗ ಎರಡರ ಎದೆಯಲ್ಲಿ ಕಂದು ಗರಿಗಳ ನಡುವೆ ಕಪ್ಪು ಗರಿ ಮೂಡುತ್ತಿದೆ, ಅದರಲ್ಲಿ ಒಂದರ ಭುಜದ ಮೇಲೆ ಇಟ್ಟಿಗೆ ಕೆಂಪಿನ ತೇಪೆ ಹಚ್ಚಿದಂತಿದೆ. ಉಳಿದ ಮೂರು ತಿಳಿಗಂದು ಎದೆಯವು.

ಮುಳಬಾಗಿಲು ಕೋಳಿಮನೆ

ಅಕ್ಕ, ಇಲ್ಲಿ ಕಣ್ಣಿಗೆ ನಿಜವಾಗಿ ಕೆಲಸವಿದೆ. ಕಾಡುಕೋಳಿಯ ಬಣ್ಣ ಹೊತ್ತ ನಾಟಿಯಲ್ಲಿ ಗಂಡು ಹೆಣ್ಣಿನ ಉಡುಪೇ ಬೇರೆ. ಹುಂಜದ ಎದೆ ಕಪ್ಪು, ಭುಜ ಕೆಂಪು. ಹೇಂಟೆಯ ಎದೆ ಹಣ್ಣಾದ ಸಪೋಟದ ಒಳಗಿನ ಬಣ್ಣ, ಬೆನ್ನು ಕಂದು. ಮರಿಗರಿ ಉದುರಿ ಎರಡನೆಯ ಗರಿ ಬರುವಾಗ ಈ ವ್ಯತ್ಯಾಸ ತೇಪೆ ತೇಪೆಯಾಗಿ ಹೊರಬರುತ್ತದೆ. ಎದೆಯಲ್ಲಿ ಕಪ್ಪು ಮೂಡುತ್ತಿರುವ ಎರಡೂ ಹುಂಜ. ಭುಜದಲ್ಲಿ ಕೆಂಪು ತೇಪೆ ಬಂದದ್ದರ ಬಗ್ಗೆ ಎರಡನೆಯ ಮಾತೇ ಬೇಡ. ತಾಯಿ ತಂದೆ ಯಾವುದೆಂದೇ ತಿಳಿಯದ ಮಿಶ್ರ ಮರಿಯಲ್ಲೂ ಭುಜದ ಈ ಕೆಂಪು ತೇಪೆ ಬಹುಮಟ್ಟಿಗೆ ನಂಬಬಹುದಾದ ಗುರುತು. ಹೇಂಟೆಯಲ್ಲಿ ಬಣ್ಣ ಹದವಾಗಿ, ಎಲ್ಲ ಕಡೆ ಒಂದೇ ಸಮ ಹರಡುತ್ತದೆ.

ಜುಟ್ಟನ್ನೂ ಅಕ್ಕಪಕ್ಕ ಇಟ್ಟು ನೋಡಿ. ಗರಗಸದ ಹಲ್ಲಿನಂಥ ಒಂಟಿ ಜುಟ್ಟಾದರೆ ಹುಂಜದ್ದು ಇಷ್ಟರಲ್ಲಿ ಕೆಂಪೇರಿ ದಪ್ಪವಾಗಿರುತ್ತದೆ, ಹೇಂಟೆಯದು ಇನ್ನೂ ತೆಳ್ಳಗೆ ಹಳದಿ. ಗಡ್ಡದ ಕೆಳಗಿನ ಜೋಲೂ ಹಾಗೆಯೇ. ಒಂದೇ ಕಾವಿನ ಮರಿಗಳನ್ನು ಮಾತ್ರ ಒಂದಕ್ಕೊಂದು ಹೋಲಿಸಬೇಕು.

ಬಾಗೇಪಲ್ಲಿ ಅಸೀಲು

ಅಸೀಲು ಎಂಬ ಕಾಳಗದ ಕೋಳಿಯ ಮಿಶ್ರಣದಲ್ಲಿ ಜುಟ್ಟನ್ನು ನಂಬಿ ಕೆಟ್ಟವರು ಬಹಳ. ಅದರ ಜುಟ್ಟು ಗಿಡ್ಡ, ಮೂರು ಸಾಲಿನ ಬಟಾಣಿ ಜುಟ್ಟು. ಹುಂಜದಲ್ಲೂ ತಡವಾಗಿ ಕೆಂಪೇರುತ್ತದೆ. ನಮ್ಮ ಕಡೆ ಡೇಗ, ಕಾಕಿ, ನೆಮಲಿ ಎಂದು ತೆಲುಗಿನ ಬಣ್ಣದ ಹೆಸರುಗಳಿವೆ. ಹಿರಿಯರು ಹುಂಜವನ್ನು ಆ ಹೆಸರಿನಿಂದ ಕರೆಯುವುದು ಸೊಂಟದ ಗರಿ ಇಳಿದ ಮೇಲೆಯೇ. ಅಲ್ಲಿಯವರೆಗೆ ಅದಕ್ಕೆ ಹೆಸರಿಲ್ಲ.

ಮುಳಬಾಗಿಲು ಕೋಳಿಮನೆ

ಹಿರಿಯರ ಆ ಪದ್ಧತಿ ಬಹಳ ಸರಿಯಾದದ್ದು. ಸೊಂಟದ ಗರಿ ಸುಳ್ಳು ಹೇಳುವುದು ಅಪರೂಪ. ಹತ್ತರಿಂದ ಹದಿನಾಲ್ಕು ವಾರದ ನಡುವೆ ಬಾಲದ ಬುಡದ ಎರಡೂ ಪಕ್ಕ ಹುಂಜಕ್ಕೆ ಉದ್ದನೆಯ, ಚೂಪು ತುದಿಯ, ಹೊಳಪಿನ ಗರಿಗಳು ಇಳಿಬೀಳುತ್ತವೆ. ಹೇಂಟೆಯ ಗರಿ ದುಂಡು ತುದಿಯದು, ಮಂಕು.

ಇದರ ಹಿಂದಿನ ಕಾರಣ ನನಗೆ ಯಾವಾಗಲೂ ಅಚ್ಚರಿ ತರುತ್ತದೆ. ಹುಂಜದ ಆಡಂಬರ ಗಂಡು ಹಾರ್ಮೋನಿನಿಂದ ಬರುವುದಲ್ಲ. ವೃಷಣ ತೆಗೆದ ಹುಂಜದ ಜುಟ್ಟು ಸೊರಗುತ್ತದೆ, ಕೂಗುವುದು ನಿಲ್ಲುತ್ತದೆ, ಆದರೆ ಗರಿ ಹುಂಜದ್ದೇ ಉಳಿಯುತ್ತದೆ. ಅಂಡಾಶಯ ಕಳೆದುಕೊಂಡ ಹೇಂಟೆಗೆ ಮುಂದಿನ ಗರಿ ಉದುರುವಿಕೆಯ ನಂತರ ಹುಂಜದ ಗರಿ ಬರುತ್ತದೆ. ಎಂದರೆ ಕೋಳಿಯ ಮೂಲ ಉಡುಪೇ ಆ ಹೊಳಪಿನದು. ಅಂಡಾಶಯದ ಈಸ್ಟ್ರೊಜೆನ್ ಅದನ್ನು ಅಡಗಿಸಿ ಕಾವಿಗೆ ಕೂರುವ ತಾಯಿಗೆ ಮರೆಯಾಗುವ ಬಣ್ಣ ಕೊಡುತ್ತದೆ. ‘ಹೇಂಟೆ ಹುಂಜವಾಯಿತು, ಮನೆಗೆ ಕೇಡು’ ಎಂದು ಹೆದರಿ ಮುದಿ ಕೋಳಿಯನ್ನು ಕೊಯ್ಯುವ ಮನೆಗಳಿವೆ. ಅಂಥ ಕೋಳಿಯ ಅಂಡಾಶಯಕ್ಕೆ ವಯಸ್ಸಿನಿಂದಲೋ ರೋಗದಿಂದಲೋ ಹಾನಿಯಾಗಿರುತ್ತದೆ, ಅಷ್ಟೇ.

ಶಿಡ್ಲಘಟ್ಟ ರೇಷ್ಮೆ

ಬೋಳು ಕುತ್ತಿಗೆಯ ಮರಿಗಳಲ್ಲಿ? ನಮ್ಮಲ್ಲಿ ಕುತ್ತಿಗೆಯ ಮುಂದೆ ಒಂದು ಕುಚ್ಚು ಇರುವುದೂ ಇದೆ, ಪೂರ್ತಿ ಬೋಳೂ ಇದೆ.

ಮುಳಬಾಗಿಲು ಕೋಳಿಮನೆ

ಅದಕ್ಕೂ ಲಿಂಗಕ್ಕೂ ಸಂಬಂಧವಿಲ್ಲ. ಕುಚ್ಚು ಇದ್ದರೆ ಬೋಳಿನ ವಂಶವಾಹಿ ಒಂದು ಪಾಲು, ಪೂರ್ತಿ ಬೋಳಾದರೆ ಎರಡು ಪಾಲು. ನೀಲಿಬೂದು ಮೈಬಣ್ಣವೂ ಹಾಗೆಯೇ, ಗಂಡಿಗೂ ಹೆಣ್ಣಿಗೂ ಸಮ.

ಮಧುಗಿರಿ ಹಿತ್ತಲು

ಹಲವು ವಾರ ಬಿಟ್ಟು ಬರೆಯುತ್ತಿದ್ದೇನೆ. ದೊಡ್ಡ ಗುಂಪಿನಲ್ಲಿ ಕಪ್ಪು ಎದೆಯ 2 ಮರಿಗಳೂ ಹುಂಜವೇ. ಒಂದು ಆಗಲೇ ಗಂಟಲು ಕಟ್ಟಿದಂತೆ ಕೂಗಲು ಶುರುಮಾಡಿದೆ. ಮಚ್ಚೆ ಇಲ್ಲದ ಎರಡು ಕಪ್ಪು ಮರಿಗಳು ಹೇಂಟೆ ಎಂಬುದರಲ್ಲಿ ಸಂಶಯವಿಲ್ಲ, ಕುತ್ತಿಗೆಯಲ್ಲಿ ಸ್ವಲ್ಪ ಕೆಂಪು ಬಿಟ್ಟರೆ ಮೈಯೆಲ್ಲಾ ಕಪ್ಪು. ಮಚ್ಚೆಯ ಮೂರಕ್ಕೂ ಪಟ್ಟೆ ಬಂದಿದೆ. ಅವುಗಳಲ್ಲಿ ಎರಡರ ಜುಟ್ಟು ಕೆಂಪಾಗಿ ನಿಂತಿದೆ. ಮೂರನೆಯದು ಮಾತ್ರ ಬೇರೆ. ಜುಟ್ಟು ಚಿಕ್ಕದು, ಕಾಲು ಸಣ್ಣ, ಸೊಂಟದ ಗರಿ ದುಂಡು. ಹೇಂಟೆಯ ಹಾಗೆಯೇ ಇದೆ. ಲೆಕ್ಕ ಎಲ್ಲಿ ತಪ್ಪಿತು?

ಮುಳಬಾಗಿಲು ಕೋಳಿಮನೆ

ಅಕ್ಕ, ದುಂಡು ಗರಿ ಇದ್ದರೆ ಅದು ಹೇಂಟೆಯೇ. ಪಟ್ಟೆ ಹೊತ್ತ ಹೆಣ್ಣುಮರಿಗೆ ಆ ಪಟ್ಟೆ ಬರುವುದಕ್ಕೆ ಇರುವುದು ಒಂದೇ ದಾರಿ, ತಂದೆ. ನಿಮ್ಮ ಕೆಂಪು ಹುಂಜದಲ್ಲಿ ಪಟ್ಟೆ ಇಲ್ಲ. ಸುತ್ತಮುತ್ತ ಪಟ್ಟೆಯ ಹುಂಜ ಯಾರ ಮನೆಯಲ್ಲಾದರೂ ಇದೆಯೇ?

ಮಧುಗಿರಿ ಹಿತ್ತಲು

ಪಕ್ಕದ ಮನೆಯವರದೇ ಇತ್ತು! ಬೇಲಿ ಹಾರಿ ಬರುತ್ತಿತ್ತು. ಆದರೆ ನಾವು ಮೊಟ್ಟೆ ಕೂಡಿಡಲು ಶುರುಮಾಡುವುದಕ್ಕೆ ಒಂದು ವಾರ ಮೊದಲೇ ಅದನ್ನು ಮಾರಿದ್ದರು.

ಮುಳಬಾಗಿಲು ಕೋಳಿಮನೆ

ಒಂದು ವಾರ ಸಾಲದು. ಹೇಂಟೆಯ ಅಂಡನಾಳದಲ್ಲಿ ವೀರ್ಯವನ್ನು ಕಾದಿಡುವ ಸೂಕ್ಷ್ಮ ಕೊಳವೆಗಳಿವೆ. ಒಮ್ಮೆ ಕೂಡಿದ ಮೇಲೆ ಎರಡು ವಾರ, ಕೆಲವೊಮ್ಮೆ ಮೂರು ವಾರದವರೆಗೂ ಫಲವತ್ತಾದ ಮೊಟ್ಟೆ ಬರುತ್ತದೆ. ನಿಮ್ಮ ಮೂರನೆಯ ಮರಿ ಆ ಬೇಲಿ ಹಾರಿದ ಹುಂಜದ ಮಗಳು. ಬಹುಶಃ ಅವರ ಮನೆಯ ಹೇಂಟೆ ಮರಿಗಳಲ್ಲೂ ಮಚ್ಚೆ ಕಂಡೇ ಅವರು ಹಾಗೆ ಪಣ ಕಟ್ಟಿದ್ದು.

ಮುಂದಿನ ಕಾವಿಗೆ ಪಟ್ಟೆ ಹೇಂಟೆಯನ್ನು ನಿಮ್ಮ ಹುಂಜದ ಜೊತೆ ಮಾತ್ರ ಕೂಡಿಟ್ಟು, ಮೊದಲ ಮೂರು ವಾರದ ಮೊಟ್ಟೆಗಳನ್ನು ಅಡುಗೆಗೆ ಬಳಸಿ. ಆಮೇಲಿನವನ್ನು ಕಾವಿಗಿಡಿ. ಬೇರೆ ಹೇಂಟೆಗಳ ಮೊಟ್ಟೆ ಬೆರೆಯದಂತೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ.

ಮಧುಗಿರಿ ಹಿತ್ತಲು

ಹಾಗೆಯೇ ಮಾಡುತ್ತೇವೆ. ಸಂಘದವರಿಗೆ ಸದ್ಯಕ್ಕೆ ಎರಡು ಕಪ್ಪು ಹೇಂಟೆ ಮತ್ತು ತಿಳಿಗಂದು ಎದೆಯ ಮೂರನ್ನು ಕೊಡುತ್ತಿದ್ದೇನೆ. ಪಟ್ಟೆಯ ಹೇಂಟೆಯನ್ನು ಮನೆಯಲ್ಲೇ ಉಳಿಸಿಕೊಳ್ಳುತ್ತೇನೆ, ಕೆಂಪು ಹುಂಜಕ್ಕೆ ಇನ್ನೊಂದು ಪಟ್ಟೆ ಜೋಡಿ ಸಿಕ್ಕಂತಾಯಿತು. ಹುಟ್ಟಿದ ದಿನವೇ ಮರಿಗಳ ಕಾಲಿಗೆ ಬಣ್ಣದ ದಾರ ಕಟ್ಟಿದರೆ ಗುರುತಿಗೆ ಆಗುತ್ತದೆಯೇ?

ಬಾಗೇಪಲ್ಲಿ ಅಸೀಲು

ಆಗುತ್ತದೆ ಅಕ್ಕ, ಆದರೆ ವಾರಕ್ಕೊಮ್ಮೆ ಬಿಚ್ಚಿ ಸಡಿಲ ಮಾಡಿ ಕಟ್ಟಿ. ಮರಿಯ ಕಾಲು ಬೇಗ ದಪ್ಪವಾಗುತ್ತದೆ, ದಾರ ಮಾಂಸದೊಳಗೆ ಕೊರೆಯುತ್ತದೆ. ಪ್ಲಾಸ್ಟಿಕ್ಕಿನ ಸುರುಳಿ ಉಂಗುರ ಸಿಕ್ಕರೆ ಅದೇ ವಾಸಿ.